ವರ್ಷಕ್ಕೊಮ್ಮೆ ಏರುವ ದರ

ಫೆಬ್ರವರಿ ತಿಂಗಳಿಗೂ ರೈಲಿನ ದರಕ್ಕೂ ನಮ್ಮಲ್ಲಿ ಹಳೆಯ ನಂಟು. ಸಾಮಾನ್ಯ ಆಯವ್ಯಯದಿಂದ ಬೇರ್ಪಡಿಸಿ ರೈಲ್ವೆ ಆಯವ್ಯಯವನ್ನು ಮಂಡಿಸುವ ಪದ್ಧತಿ 1924ರಲ್ಲಿ ಮೊದಲಾಗಿ 2016ರವರೆಗೆ ನಡೆದುಬಂದಿತು. ಆ ದಿನ ಮನೆಯ ಯಜಮಾನರು ರೇಡಿಯೋದ ಬಳಿ ಕುಳಿತು, ದರ ಏರಿತೋ ಉಳಿಯಿತೋ ಎಂದು ಕಿವಿಗೊಡುತ್ತಿದ್ದರು. ಏರಿದ್ದರೆ ಮಂತ್ರಿಗಳಿಗೆ ನಾಲ್ಕು ಮಾತು. ಏರದಿದ್ದರೆ ಬೇಸಗೆಯ ರಜೆಗೆ ಊರಿಗೆ ಹೋಗುವ ಆಲೋಚನೆ. 2017ರಿಂದ ಆ ಪ್ರತ್ಯೇಕ ಆಯವ್ಯಯವೇ ಇಲ್ಲವಾಯಿತು. ಆದರೆ ಫೆಬ್ರವರಿಯು ಬೆಂಗಳೂರಿನವರನ್ನು ಅಷ್ಟಕ್ಕೆ ಬಿಡಲಿಲ್ಲ. 2025ರ ಫೆಬ್ರವರಿ 9ರಂದು 'ನಮ್ಮ ಮೆಟ್ರೋ' ದರ ಏರಿತು.

ಅದಕ್ಕೆ ಹಿಂದಿನ ಪರಿಷ್ಕರಣೆ ನಡೆದದ್ದು 2017ರ ಜೂನ್ ತಿಂಗಳಿನಲ್ಲಿ. ಏಳೂವರೆ ವರ್ಷ ಅಲುಗದೆ ನಿಂತಿದ್ದ 60 ರೂಪಾಯಿಯ ಗರಿಷ್ಠ ದರ ಒಂದೇ ನೆಗೆತಕ್ಕೆ 90 ರೂಪಾಯಿಯಾಯಿತು. ಜನರ ಆಕ್ಷೇಪವು ಎಷ್ಟು ಬಲವಾಯಿತೆಂದರೆ, ಒಂದು ವಾರ ಕಳೆಯುವುದರೊಳಗೆ ನಿಗಮವು ಅತಿಯಾದ ಕಡೆಗಳಲ್ಲಿ ದರವನ್ನು ತಗ್ಗಿಸಿ, ಏರಿಕೆಯು ಶೇಕಡ 71ನ್ನು ಮೀರದಂತೆ ಸರಿಪಡಿಸಿತು. ಶೇಕಡ 71ರ ಏರಿಕೆಯನ್ನೂ ಉಪಕಾರವೆಂದು ಭಾವಿಸುವ ಕಾಲ ಬಂದಿತಲ್ಲ ಎಂದು ಪ್ರಯಾಣಿಕರು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಒಂದು ಮನೆಯ ಲೆಕ್ಕವನ್ನು ನೋಡೋಣ. ಯಜಮಾನರು ತಿಂಗಳಿಗೆ 25 ದಿನ ಗರಿಷ್ಠ ದರದ ದೂರವನ್ನು ಹೋಗಿಬರುತ್ತಾರೆಂದು ಇಟ್ಟುಕೊಳ್ಳಿ. ಕಾರ್ಡಿನ ಮೇಲೆ ಶೇಕಡ 5 ರಿಯಾಯಿತಿ ಕಳೆದರೆ ಮೊದಲು ಒಂದು ಸಲಕ್ಕೆ 57 ರೂಪಾಯಿ. ದರ ಏರಿದ ಮೇಲೆ 85 ರೂಪಾಯಿ 50 ಪೈಸೆ. ಹೋಗಿಬರುವುದಕ್ಕೆ ದಿನಕ್ಕೆ 57 ರೂಪಾಯಿ ಹೆಚ್ಚು, ತಿಂಗಳಿಗೆ 1,425 ರೂಪಾಯಿ. ಸಂಬಳ ಅಷ್ಟೇ ಇದೆ. ಮನೆಯ ಬಾಡಿಗೆ ಇಳಿಯುವುದಿಲ್ಲ. ಇನ್ನು ಗೃಹಿಣಿಯು ತನ್ನ ಲೆಕ್ಕದ ಪುಸ್ತಕದಲ್ಲಿ ಯಾವ ಸಾಲನ್ನು ಹೊಡೆದುಹಾಕಬೇಕು? ಹಣ್ಣನ್ನೋ, ಮಗಳ ಸಂಗೀತದ ಪಾಠವನ್ನೋ? ಮೂಲೆಯಲ್ಲಿ ಧೂಳು ಹಿಡಿದು ನಿಂತ ಸ್ಕೂಟರಿನ ಕಡೆಗೆ ಯಜಮಾನರ ಕಣ್ಣು ಹೊರಳುವುದು ಆಗಲೇ. ದರ ಏರಿದ ಮೊದಲ ವಾರಗಳಲ್ಲಿ ಮೆಟ್ರೋ ಪ್ರಯಾಣಿಕರ ಸಂಖ್ಯೆ ಇಳಿದದ್ದು ಆಶ್ಚರ್ಯವೇನೂ ಅಲ್ಲ.

ಆದರೆ ಕೋಪದ ನಡುವೆಯೂ ಮತ್ತೊಂದು ಲೆಕ್ಕವನ್ನು ಹಾಕುವುದು ನ್ಯಾಯ. 60 ರೂಪಾಯಿಗೆ ವರ್ಷಕ್ಕೊಮ್ಮೆ ಶೇಕಡ 5ರಂತೆ ಎಂಟು ಸಲ ಏರಿಸಿದರೆ ಎಷ್ಟಾಗುತ್ತದೆ? ಸುಮಾರು 89 ರೂಪಾಯಿ. ಎಂದರೆ, ಎಂಟು ಮೆಟ್ಟಿಲುಗಳಲ್ಲಿ ಹತ್ತಬೇಕಾದುದನ್ನು ಒಂದೇ ಜಿಗಿತದಲ್ಲಿ ಹತ್ತಿಸಿದ್ದರಿಂದಲೇ ಪ್ರಯಾಣಿಕನ ಕಾಲು ಉಳುಕಿತು. ವಿದ್ಯುತ್ತಿನ ದರ, ನೌಕರರ ವೇತನ, ಸಾಲದ ಬಡ್ಡಿ ಇವು ಯಾವುವೂ ಏಳೂವರೆ ವರ್ಷ ಸುಮ್ಮನೆ ಕೂಡುವುದಿಲ್ಲವೆಂಬುದು ನಮಗೂ ತಿಳಿಯದ ವಿಷಯವಲ್ಲ.

ದರ ನಿಗದಿ ಸಮಿತಿಯೂ ಈ ತರ್ಕವನ್ನೇ ಹಿಡಿದು, ಇನ್ನು ಮುಂದೆ ವರ್ಷವರ್ಷವೂ ಶೇಕಡ 5ರವರೆಗೆ ದರವು ತಾನಾಗಿ ಏರಲಿ ಎಂದು ಶಿಫಾರಸು ಮಾಡಿತು. ಕೈಚೀಲಕ್ಕೆ ಇದು ಹಗುರವೇ. ಆದರೆ 'ತಾನಾಗಿ' ಎಂಬ ಮಾತು ಮನಸ್ಸಿಗೆ ಅಷ್ಟು ಹಗುರವಲ್ಲ. 2002ರ ಮೆಟ್ರೋ ರೈಲು ಕಾಯಿದೆಯಂತೆ ಸಮಿತಿಯ ಶಿಫಾರಸಿಗೆ ಮೆಟ್ರೋ ಆಡಳಿತವು ಬದ್ಧ. ನಿಗಮವನ್ನು ಕೇಳಿದರೆ ಸಮಿತಿಯತ್ತ ಬೆರಳು. ಸಮಿತಿಯೋ, ವರದಿಯನ್ನು ಒಪ್ಪಿಸಿ ಎದ್ದುಹೋಗಿರುತ್ತದೆ. ಆ ವರದಿಯಾದರೂ ಜನರ ಕೈಸೇರಿದ್ದು ವಿಷಯವು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ. ದರವನ್ನು ಏಳು ತಿಂಗಳು ತೆತ್ತ ಬಳಿಕ ಅದರ ಕಾರಣವನ್ನು ಓದುವ ಭಾಗ್ಯ ನಮ್ಮದಾಯಿತು!

ವರ್ಷಕ್ಕೊಮ್ಮೆ ಏರಿಸುವ ಪದ್ಧತಿಯಲ್ಲಿ ಇಂಗ್ಲೆಂಡಿನವರು ಪಳಗಿದವರು. ಸರ್ಕಾರದ ಅಂಕೆಗೆ ಒಳಪಟ್ಟ ರೈಲು ದರಗಳನ್ನು ಅಲ್ಲಿ ಬಹುಕಾಲ ಹಿಂದಿನ ಜುಲೈ ತಿಂಗಳ ಹಣದುಬ್ಬರಕ್ಕೆ ಹೊಂದಿಸಿ ಏರಿಸುತ್ತಿದ್ದರು. ಸೂತ್ರವು ಎಲ್ಲರಿಗೂ ತಿಳಿದದ್ದೇ. ಆದರೂ ವರ್ಷವರ್ಷವೂ ಗೊಣಗಾಟ ತಪ್ಪಲಿಲ್ಲ. 2022ರ ಜುಲೈಯಲ್ಲಿ ಹಣದುಬ್ಬರವು ಶೇಕಡ 12.3ಕ್ಕೆ ಮುಟ್ಟಿದಾಗ ಸರ್ಕಾರವು ಸೂತ್ರವನ್ನು ಬದಿಗಿಟ್ಟು, 2023ರ ಏರಿಕೆಯನ್ನು ಶೇಕಡ 5.9ಕ್ಕೆ ನಿಲ್ಲಿಸಬೇಕಾಯಿತು. ಎಂತಹ ಒಳ್ಳೆಯ ಸೂತ್ರಕ್ಕೂ ಒಬ್ಬ ಕಿವಿಯುಳ್ಳ ಮನುಷ್ಯನ ಕಾವಲು ಬೇಕೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಬಾಗಿಲಿಗೆ ಬರುವ ಹಾಲಿನವನನ್ನು ನೋಡಿ. ಬೆಲೆ ಏರಿಸುವ ಮುನ್ನ ಒಂದು ಕ್ಷಣ ತಲೆ ಕೆರೆದುಕೊಂಡು, "ಹಿಂಡಿ ಬೆಲೆ ಏರಿದೆ ಅಮ್ಮಾ, ಬರೋ ತಿಂಗಳಿಂದ ಎರಡು ರೂಪಾಯಿ ಜಾಸ್ತಿ ಮಾಡಿಕೊಡಿ" ಎನ್ನುತ್ತಾನೆ. ಮನೆಯಾಕೆ ನಾಲ್ಕು ಮಾತು ಆಡುತ್ತಾಳೆ, ಕಳೆದ ವಾರದ ಹಾಲು ನೀರಾಗಿತ್ತೆಂದು ಜ್ಞಾಪಿಸುತ್ತಾಳೆ, ಕೊನೆಗೆ ಒಪ್ಪುತ್ತಾಳೆ. ಒಪ್ಪಿಗೆಗೆ ಕಾರಣ ಎರಡು ರೂಪಾಯಿಯ ಸಣ್ಣತನವಲ್ಲ. ಅವನು ಮುಂಚಿತವಾಗಿ ಹೇಳಿದ, ಕಾರಣ ಹೇಳಿದ, ತನ್ನ ಮಾತಿಗೂ ಕಿವಿಗೊಟ್ಟ ಎಂಬುದು.

ಮೆಟ್ರೋದಿಂದಲೂ ನಾವು ಬೇಡುವುದು ಇಷ್ಟೇ. ವರ್ಷವರ್ಷವೂ ದರವನ್ನು ಏರಿಸುವುದಾದರೆ ವರ್ಷವರ್ಷವೂ ಲೆಕ್ಕವನ್ನು ಒಪ್ಪಿಸಲಿ. ಏರಿಕೆಗೆ ಎರಡು ತಿಂಗಳ ಮುಂಚೆ ಪ್ರತಿ ನಿಲ್ದಾಣದಲ್ಲಿಯೂ ಕನ್ನಡದಲ್ಲಿ ಒಂದು ಫಲಕವಿರಲಿ: ವಿದ್ಯುತ್ತಿಗೆ ಹೋದ ವರ್ಷ ಇಷ್ಟು, ಈ ವರ್ಷ ಇಷ್ಟು, ವೇತನಕ್ಕೆ ಇಷ್ಟು, ಸಾಲಕ್ಕೆ ಇಷ್ಟು, ಹೊಸದಾಗಿ ಬಂದ ರೈಲುಗಳು ಇಷ್ಟು. ಪ್ರಯಾಣಿಕನು ಓದಿ ಗೊಣಗಬಹುದು. ಆದರೆ ಓದಿದ ಮೇಲೆ ಗೊಣಗುವವನು ಮರುದಿನವೂ ಅದೇ ಗಾಡಿಗೆ ಬರುತ್ತಾನೆ. ಏನನ್ನೂ ತಿಳಿಸದೆ ಹಣ ಕೇಳಿದರೆ, ಅವನು ಸ್ಕೂಟರಿನ ಧೂಳನ್ನು ಒರೆಸತೊಡಗುತ್ತಾನೆ.