ಹೇಳಲು ನಾಚಿಕೆ, ತಾಳಲು ಕಷ್ಟ

"ನಾಲ್ಕು ದಿನ ಆತು, ಹೊಟ್ಟಿ ಸಾಫ್ ಆಗವಲ್ದ್ರಿ." ಈ ಮಾತನ್ನು ನೀವು ಯಾರೆದುರು ಆಡುತ್ತೀರಿ? ಡಾಕ್ಟರೆದುರು ನಾಚಿಕೆ. ಅಂಗಡಿಯ ಜುಲಾಬಿನ ಪುಡಿಯೇ ಗತಿ!

ಸೋದರಿಯರೇ, ಕರುಳು ನಿಧಾನವಾಗಲು ಕಾರಣ ಒಂದೇ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಕಡೆ ಭತ್ತವೇ ಭತ್ತ. ತಟ್ಟೆಯಲ್ಲೂ ಬಿಳಿ ಅನ್ನ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳು ಕಡಿಮೆಯಾದರೆ ನಾರಿನಂಶವೂ ಕಡಿಮೆಯೇ. ಲಿಂಗಸುಗೂರು, ಮಸ್ಕಿಯ ಬಿಸಿಲಿಗೆ ಬೆವರು ಹರಿಯುತ್ತದೆ, ನೀವು ಕುಡಿಯುವ ನೀರು ಮಾತ್ರ ಎರಡು ಲೋಟ! ಇನ್ನು ಕೆಲಸ ಮುಗಿಯಲೆಂದೋ, ಕತ್ತಲಾಗಲೆಂದೋ ತಡೆದುಕೊಳ್ಳುವುದು. ತಡೆದಷ್ಟೂ ಕರುಳು ನೀರು ಹೀರಿ ಮಲ ಗಟ್ಟಿಯಾಗುತ್ತದೆ. ಬರುಬರುತ್ತಾ ಹೋಗಬೇಕೆನ್ನುವ ಸೂಚನೆಯೇ ಮಂಕಾಗುತ್ತದೆ.

ಊಟ, ನೀರು ಸರಿಯಿದ್ದೂ ಆಗದಿದ್ದರೆ? ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆ, ಹಳೆಯ ಸಕ್ಕರೆ ಕಾಯಿಲೆ ಇವೂ ಕಾರಣವಾಗಬಹುದು. (ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.) ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ಮೈ ಭಾರ, ಮುಟ್ಟಿನ ಏರುಪೇರು ಇದ್ದರೆ ಥೈರಾಯಿಡ್ ಕುಂದಿರಬಹುದು. ಅದು ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಔಷಧವೂ ಇದೆ. ಪರೀಕ್ಷೆ ಬಿಟ್ಟು ವರ್ಷಗಟ್ಟಲೆ ಜುಲಾಬು ನುಂಗುವುದು ಯಾವ ಜಾಣತನ, ಹೇಳಿ?

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, 50ರ ಸುಮಾರಿಗೆ ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ಈ ವಾರವೇ ತೋರಿಸಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.