ಬಿಲ್ಲೆ ಇಲ್ಲದ ಗೈಡುಗಳು

ಕೊಲ್ಲೂರಿನಲ್ಲಿ ಬೆಳಗಿನ ಬಸ್ಸಿನಿಂದ ಇಳಿದವರನ್ನು ಮೊದಲು ಮಾತನಾಡಿಸುವವರು ಜೀಪಿನವರು. ‘ಕೊಡಚಾದ್ರಿ, ಕೊಡಚಾದ್ರಿ’ ಎಂಬ ಕೂಗು ದೇವಸ್ಥಾನದ ಗಂಟೆಯೊಂದಿಗೇ ಕಿವಿಗೆ ಬೀಳುತ್ತದೆ. ಬಂದವರು ಕೇರಳದವರಾದರೆ ಮಾತು ತಾನಾಗಿಯೇ ಮಲಯಾಳಕ್ಕೆ ತಿರುಗುತ್ತದೆ. ಜೀಪು ತುಂಬಿದ ಮೇಲೆ ನಿಟ್ಟೂರಿನ ದಾರಿಯಾಗಿ ಸುತ್ತುಬಳಸಿ ಹೊರಟು, 1343 ಮೀಟರ್ ಎತ್ತರದ ಬೆಟ್ಟವನ್ನು ಏರುವಾಗ ಚಾಲಕನ ಕೈ ಸ್ಟಿಯರಿಂಗಿನ ಮೇಲೆ, ಬಾಯಲ್ಲಿ ಮೂಕಾಸುರನ ಕತೆ, ಶಂಕರಾಚಾರ್ಯರ ಕತೆ. ಇಳಿದು ಬಂದ ಮೇಲೆ ಯಾತ್ರಿಕರು ಅವನನ್ನು ‘ಡ್ರೈವರ್’ ಎಂದೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅರ್ಧ ದಿನ ಅವನು ಮಾಡಿದ್ದು ಗೈಡಿನ ಕೆಲಸ.

ಹಂಪಿಯಲ್ಲಿ, ಬೇಲೂರು ಹಳೇಬೀಡುಗಳಲ್ಲಿ ಎದೆಯ ಮೇಲೆ ಬಿಲ್ಲೆ ಧರಿಸಿದ ಗೈಡುಗಳು ಸಿಗುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಊರು ತೋರಿಸುವವರ ಪೈಕಿ ಹೆಚ್ಚಿನವರಿಗೆ ಅಂಥ ಬಿಲ್ಲೆ ಇಲ್ಲ. ಇಲ್ಲಿ ಗೈಡು ಎಂದರೆ ಜೀಪಿನವ, ರಿಕ್ಷಾದವ, ದೋಣಿಯವ, ಲಾಡ್ಜಿನ ಮಾಣಿ, ಊರಿನ ಇತಿಹಾಸದ ಹುಚ್ಚು ಹಿಡಿಸಿಕೊಂಡ ನಿವೃತ್ತ ಮೇಷ್ಟ್ರು. ಊರು ತೋರಿಸುವುದು ಅವರ ಉಪಕಸುಬು. ಆದರೆ ಆ ಉಪಕಸುಬಿನಿಂದಲೇ ಎಷ್ಟೋ ಮನೆಯ ಒಲೆ ಉರಿಯುತ್ತದೆ.

2020ರ ಮಾರ್ಚ್ 24ರ ರಾತ್ರಿ ಆ ಒಲೆಗೆ ನೀರು ಬಿತ್ತು. ರೈಲು ನಿಂತಿತು, ಕೇರಳದ ಗಡಿ ಮುಚ್ಚಿತು, ದೇವಸ್ಥಾನದ ಬಾಗಿಲು ಭಕ್ತರ ಪಾಲಿಗೆ ಹಾಕಿತು. ಜೂನ್ 8ರಂದು ರಾಜ್ಯದ ದೇವಸ್ಥಾನಗಳು ತೆರೆದವು ನಿಜ. ಆದರೆ ಬರುವವರು ಎಲ್ಲಿ? ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ರೈಲಿಳಿದು ಬರುತ್ತಿದ್ದ ಕೇರಳದ ಸಂಸಾರಗಳಿಲ್ಲ. ಮಗುವಿನ ಕೈಹಿಡಿದು ಅಕ್ಷರ ಬರೆಯಿಸುವ ವಿಜಯದಶಮಿಗೂ ಆ ವರ್ಷ ಹಳೆಯ ಜನಸಾಗರ ಕಾಣಲಿಲ್ಲ. ಸ್ವಲ್ಪ ಚೇತರಿಕೆ ಕಂಡಿತು ಎನ್ನುವಾಗ 2021ರ ಎರಡನೇ ಅಲೆ ಮತ್ತೆ ಎಲ್ಲವನ್ನೂ ನಿಲ್ಲಿಸಿತು. ಸಾಲ ಮಾಡಿ ಜೀಪು ಕೊಂಡವನಿಗೆ ಕಂತು ಮಾತ್ರ ನಿಲ್ಲಲಿಲ್ಲ.

ಆ ವರ್ಷದ ಜೂನ್ 28ರಂದು ಕೇಂದ್ರ ಸರಕಾರ ಗೈಡುಗಳಿಗೆ ತಲಾ 1 ಲಕ್ಷ ರೂಪಾಯಿವರೆಗೆ ಸರಕಾರದ ಖಾತರಿಯ ಸಾಲ ಘೋಷಿಸಿತು. ಒಳ್ಳೆಯದೇ. ಆದರೆ ಅದು ಕೇಂದ್ರದ ಅಥವಾ ರಾಜ್ಯದ ಮಾನ್ಯತೆ ಪಡೆದ ಗೈಡುಗಳಿಗೆ. ಮಲಯಾಳ, ತಮಿಳು, ಕನ್ನಡ ಮೂರರಲ್ಲೂ ಕೊಡಚಾದ್ರಿಯನ್ನು ವರ್ಣಿಸಬಲ್ಲವನು ಕಾಗದದ ಮೇಲೆ ಗೈಡೇ ಅಲ್ಲ. ಇಲ್ಲದವನಿಗೆ ನಷ್ಟವಾಗುವುದಾದರೂ ಹೇಗೆ?

‘ಎಂತ ಮಾಡುಕಾತ್ತ್?’ ಎಂದು ಈ ಕಡೆಯವರು ಹೇಳುವುದುಂಟು. ಹಾಗೆಂದು ಕೈಕಟ್ಟಿ ಕೂರುವ ಜನವಲ್ಲ. ಕರಾವಳಿಯ ಪ್ರವಾಸದ ಕಸುಬಿಗೆ ಪ್ರತಿ ವರ್ಷವೂ ಒಂದು ಸಣ್ಣ ಲಾಕ್‌ಡೌನ್ ಇದ್ದೇ ಇದೆ. ಅದರ ಹೆಸರು ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಮುದ್ರದ ಹತ್ತಿರ ಹೋಗಬೇಡಿ ಎಂಬ ಎಚ್ಚರಿಕೆ ಬೇರೆ. ಆಗ ಗದ್ದೆಯ ಕೆಲಸ, ತೋಟದ ಕೆಲಸ. ಒಂದೇ ಕಸುಬನ್ನು ನೆಚ್ಚಿ ಕೂರಬಾರದೆಂದು ಮಳೆ ಮೊದಲೇ ಕಲಿಸಿದ್ದರಿಂದ, ಕೊರೊನಾ ಬಂದಾಗ ಅವರು ಮುಳುಗಿದರೂ ಪೂರ್ತಿ ಮುಳುಗಲಿಲ್ಲ.

ಬದಲಾವಣೆ ಶುರುವಾದದ್ದು ಗಿರಾಕಿಯಿಂದ. ಅಪರಿಚಿತರ ಜೊತೆ ಒತ್ತಿಕೊಂಡು ಕೂರಲು ಯಾರೂ ಒಪ್ಪದ ದಿನಗಳು ಅವು. ಬಂದವರು ಬೆಂಗಳೂರಿನಿಂದ, ಶಿವಮೊಗ್ಗದಿಂದ, ಸ್ವಂತ ಕಾರಿನಲ್ಲಿ, ಒಂದೇ ಮನೆಯವರು. ಇವರು ದರ್ಶನ ಮುಗಿಸಿ ಸಂಜೆಯ ರೈಲು ಹಿಡಿಯುವವರಲ್ಲ. ‘ಇನ್ನೇನು ನೋಡಬಹುದು?’ ಎಂದು ಕೇಳುವವರು. ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಇಲ್ಲಿಯ ಗೈಡು ತನ್ನ ಊರನ್ನು ತಾನೇ ಹೊಸದಾಗಿ ನೋಡಬೇಕಾಯಿತು.

ನೋಡಿದರೆ ಏನಿಲ್ಲ? ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಈಗ ಕಯಾಕ್‌ಗಳು ಸಾಗುತ್ತವೆ. ನಿನ್ನೆ ಮೊನ್ನೆಯವರೆಗೆ ಬರೀ ಕೆಸರು, ಸೊಳ್ಳೆ ಎನಿಸಿದ್ದ ಜಾಗಕ್ಕೆ ಜನ ದುಡ್ಡು ಕೊಟ್ಟು ಬರುತ್ತಾರೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕಡಲು ಸೇರುವ ಗಂಗೊಳ್ಳಿಯ ಅಳಿವೆ, ಅದರ ಸುತ್ತಲಿನ ಕುದ್ರುಗಳು, ಗೊಂಬೆಯಾಟದ ಕಾಮತರ ಉಪ್ಪಿನಕುದ್ರು ಎಲ್ಲವೂ ಕುಂದಾಪುರದ ಮಗ್ಗುಲಲ್ಲೇ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟ, ಗೋಪಾಲಕೃಷ್ಣ ಅಡಿಗರ ಮೊಗೇರಿ ಇವೂ ಒಂದು ದಿನದ ದಾರಿ.

ವಾರಾಹಿ ದಂಡೆಯ ಬಸ್ರೂರನ್ನೇ ತೆಗೆದುಕೊಳ್ಳಿ. ಪೋರ್ಚುಗೀಸರು ಬರ್ಸೆಲೋರ್ ಎಂದು ಕರೆದು, ಅಕ್ಕಿಯನ್ನು ಹಡಗಿಗೆ ತುಂಬಿಸಿಕೊಂಡು ಹೋಗುತ್ತಿದ್ದ ಬಂದರು ಅದು. 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಅದನ್ನು ಕೊಳ್ಳೆಹೊಡೆದ. ಆಳುಪರ ರಾಜಧಾನಿಯಾಗಿದ್ದು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಆಡಳಿತ ಕೇಂದ್ರವಾಗಿದ್ದ ಬಾರ್ಕೂರಿನಲ್ಲಿ ಕತ್ತಲೆ ಬಸದಿಯಿದೆ, ಕೋಟೆಯ ಅವಶೇಷಗಳಿವೆ. ಈ ಎರಡು ಊರುಗಳಲ್ಲಿ ಹೇಳುವವರಿಲ್ಲದಿದ್ದರೆ ನೋಡುವುದಕ್ಕೆ ಕಲ್ಲು ಮಾತ್ರ. ಹೇಳುವವರಿದ್ದರೆ ಒಂದು ಮಧ್ಯಾಹ್ನ ಸಾಲದು.

ಮಳೆಗಾಲವೂ ಮೊದಲಿನಂತೆ ಬರೀ ರಜೆಯಾಗಿ ಉಳಿದಿಲ್ಲ. ಕರ್ಕಾಟಕ ಅಮಾವಾಸ್ಯೆಯ ದಿನ ಮರವಂತೆಯ ವರಾಹ ಮಹಾರಾಜಸ್ವಾಮಿಯ ಸನ್ನಿಧಿಯಲ್ಲಿ ಜಾತ್ರೆ. ಒಂದು ಬದಿ ಮೊರೆಯುವ ಕಡಲು, ಇನ್ನೊಂದು ಬದಿ ತುಂಬಿದ ಸೌಪರ್ಣಿಕಾ, ನಡುವೆ ಹೆದ್ದಾರಿ. 2019ರಿಂದ ಅದೇ ಅಮಾವಾಸ್ಯೆ ಕುಂದಾಪ್ರ ಕನ್ನಡದ ದಿನವೂ ಹೌದು. ಊರ ಭಾಷೆಯಲ್ಲೇ ಊರನ್ನು ಪರಿಚಯಿಸುವ ಪುಟ್ಟ ವಿಡಿಯೋಗಳನ್ನು ಹುಡುಗರು ಮೊಬೈಲಿಗೆ ಹಾಕುತ್ತಾರೆ. ಪರಊರಿನ ಹೋಟೆಲುಗಳಲ್ಲಿ ದುಡಿಯುವ ಕುಂದಾಪುರದವರು ಅದನ್ನು ನೋಡಿ, ಮುಂದಿನ ಬಾರಿ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ತಮ್ಮ ಊರಿಗೆ ತಾವೇ ಪ್ರವಾಸಿಗಳು!

ಇದರಲ್ಲಿ ಅಪಾಯವಿಲ್ಲವೆಂದಲ್ಲ. ಕೇಳುವವರು ಸಿಕ್ಕರೆಂದು ಹೇಳುವವರು ಕತೆ ಕಟ್ಟುತ್ತಾರೆ. ಒಂದು ಸುಳ್ಳನ್ನು ಹತ್ತು ಸಲ ಹೇಳಿದರೆ ಅದೇ ಬಸ್ರೂರಿನ ಇತಿಹಾಸವಾಗಿ ಕೂರುತ್ತದೆ. ಕಾಂಡ್ಲಾ ವನಕ್ಕೆ ದೋಣಿ ಹೆಚ್ಚಾದರೆ ಮೀನು ಮರಿಮಾಡುವ ತಾವೇ ಹಾಳು. ಲೈಫ್ ಜಾಕೆಟ್ ಇಲ್ಲದೆ ಒಬ್ಬರು ನೀರಿಗೆ ಬಿದ್ದರೂ ಎಲ್ಲರ ಅನ್ನಕ್ಕೆ ಕಲ್ಲು. ತರಬೇತಿ, ಗುರುತಿನ ಚೀಟಿ, ವಿಮೆ ಇವನ್ನು ಕೊಡಬೇಕಾದ್ದು ಇದಕ್ಕಾಗಿ. ಬಿಲ್ಲೆ ಎಂದರೆ ಬರೀ ಹಕ್ಕಲ್ಲ, ಹೊಣೆಯೂ ಹೌದು. ಜೀಪಿನವರನ್ನೂ ದೋಣಿಯವರನ್ನೂ ಕರೆದು, ಊರ ಮೇಷ್ಟ್ರುಗಳಿಂದ ನಾಲ್ಕು ದಿನ ಪಾಠ ಹೇಳಿಸಿ ಪಟ್ಟಿಗೆ ಸೇರಿಸುವುದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ.

ಕೇರಳದ ಯಾತ್ರಿಕರು ಕೊಲ್ಲೂರಿಗೆ ಮರಳಿದ್ದಾರೆ. ‘ಕೊಡಚಾದ್ರಿ’ ಎಂಬ ಕೂಗು ಮತ್ತೆ ಕೇಳುತ್ತಿದೆ. ಹಳೆಯ ಗಿರಾಕಿ ಬಂದನೆಂದು ಹೊಸದಾಗಿ ಕಲಿತದ್ದನ್ನು ಮರೆಯುವುದು ಸುಲಭ. ಮರೆಯದಿದ್ದರೆ ಕ್ಷೇಮ. ಮುಂದಿನ ಸಲ ರೈಲು ನಿಂತ ದಿನ ಕೆಲಸಕ್ಕೆ ಬರುವುದು ಅದೇ. ಆ ದಿನ ಸರಕಾರ ಗೈಡುಗಳ ಪಟ್ಟಿ ತೆರೆದರೆ ಜೀಪಿನವನ ಹೆಸರೂ ಅದರಲ್ಲಿ ಇರಬೇಕು.