ಡಾಕ್ಟರಲ್ಲವಂತೆ, ಮತ್ತೇನಂತೆ?

ಎಂ.ಪಿ.ಎಚ್. ಎಂಬ ಓದಿನ ಹೆಸರೆತ್ತಿದರೆ ನಮ್ಮ ಊರುಗಳಲ್ಲಿ ಮೊದಲು ಬರುವ ಪ್ರಶ್ನೆ ಇದು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಎರಡು ವರ್ಷದ ಓದು ಎಂದು ಬಿಡಿಸಿ ಹೇಳಿದರೂ ಕೇಳಿದವರ ಮುಖ ಅರಳುವುದಿಲ್ಲ. "ಮೆಡಿಕಲ್ ಸೀಟು ಸಿಗಲಿಲ್ಲವೇನೋ, ಪಾಪ" ಎಂದು ತಾವೇ ತೀರ್ಪು ಕೊಟ್ಟು ಬೇರೆ ಮಾತಿಗೆ ಹೋಗುತ್ತಾರೆ. ಆ ‘ಪಾಪ’ದ ಮೇಲೆಯೇ ನನ್ನ ಜಗಳ.

ಜಗಳಕ್ಕೆ ಕಾರಣವಿದೆ. ನನ್ನ ಕೈಯಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿಯೊಬ್ಬಳು ಮುಂದೆ ಬಿ.ಎಸ್ಸಿ. ನರ್ಸಿಂಗ್ ಮಾಡಿ, ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದು, ಎಂ.ಪಿ.ಎಚ್. ಸೇರಿದಳು. "ಬರುವ ಸಂಬಳ ಬಿಟ್ಟು ಇದೇನು ಹುಚ್ಚು?" ಎಂದರು ಅವಳ ದೊಡ್ಡಪ್ಪ. ಓದು ಮುಗಿದ ಮೇಲೆ ಹೆಣ್ಣು ನೋಡಲು ಬಂದವರು, "ಇಂಜೆಕ್ಷನ್ ಕೊಡುವ ಹಾಗಿದೆಯೋ ಇಲ್ಲವೋ?" ಎಂದು ಕೇಳಿದರಂತೆ. ಈಗ ಅವಳು ಒಂದು ಯೋಜನೆಯಲ್ಲಿ ಗುತ್ತಿಗೆ ನೌಕರಳು. ವರ್ಷಕ್ಕೊಮ್ಮೆ ಕರಾರು ನವೀಕರಣವಾಗಬೇಕು. ಮೇಲಿನವರ ರುಜು ತಡವಾದರೆ ಸಂಬಳವೂ ತಡ. ಮನೆಯವರಿಗೂ ಸರಕಾರಕ್ಕೂ ಅವಳು ಏನು ಓದಿದ್ದಾಳೆಂಬುದೇ ಗೊತ್ತಿಲ್ಲ.

ಏನು ಓದಿದ್ದಾಳೆಂದು ನಾನು ಹೇಳುತ್ತೇನೆ. ನಾನು ಪಾಠ ಹೇಳುವುದು ಪಾವಗಡ ಸೀಮೆಯಲ್ಲಿ. ಇಲ್ಲಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ ಒಂದೂವರೆಯವರೆಗೆ ಎನ್ನುತ್ತದೆ ಸರಕಾರದ ಮಾನದಂಡ. ಅದು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡುತ್ತದೆ. ಎಷ್ಟೋ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ನಗುತ್ತಾರೆ. ತಾಯಂದಿರು ಪೇಸ್ಟು ಬದಲಾಯಿಸುತ್ತಾರೆ, ಸರಿಯಾಗಿ ಉಜ್ಜುವುದಿಲ್ಲವೆಂದು ಮಗುವನ್ನೇ ಬೈಯುತ್ತಾರೆ. ಹಲ್ಲು ಒಳಗೆ ಬೆಳೆಯುವಾಗಲೇ ಹಿಡಿದ ಕಲೆ ಉಜ್ಜಿದರೆ ಹೋದೀತೆ? ಹಲ್ಲಿನ ವೈದ್ಯರು ಒಂದು ಮಗುವಿನ ಹಲ್ಲು ಸರಿಮಾಡಬಲ್ಲರು. ಯಾವ ಬೀದಿಯವರು ಯಾವ ಬೋರಿನ ನೀರು ಕುಡಿಯುತ್ತಾರೆ, ಎಷ್ಟು ಮಕ್ಕಳಲ್ಲಿ ಕಲೆ ಇದೆ, ಎಷ್ಟು ಜನರ ಮೂಳೆಗೆ ಇಳಿದಿದೆ, ಶುದ್ಧ ನೀರಿನ ಘಟಕ ಎಲ್ಲಿ ಬೇಕು, ಅದು ಕೆಟ್ಟರೆ ಯಾರನ್ನು ಹಿಡಿದು ಕೇಳಬೇಕು ಎಂದು ಲೆಕ್ಕ ಇಡುವವರು ಯಾರು? ಆ ಲೆಕ್ಕವೇ ಈ ಓದು.

ಇದು ಬರಗಾಲದ ಸೀಮೆಯ ಮಾತಾಯಿತು. ಮಲೆನಾಡಿಗೆ ಬನ್ನಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನ ಜ್ವರ ಬಂದು ಮಲಗಿದರು. ಪುಣೆಯಿಂದ ಬಂದ ವಿಜ್ಞಾನಿಗಳು ವೈರಸ್ಸನ್ನು ಕಂಡುಹಿಡಿದರು; ಅದನ್ನು ಹರಡುವುದು ಉಣುಗು ಎಂದೂ ತಿಳಿಯಿತು. ಮಂಗನ ಕಾಯಿಲೆಗೆ ಇಂದಿಗೂ ಅದಕ್ಕೆಂದೇ ಆದ ಔಷಧಿಯಿಲ್ಲ. ದರಗು, ಸೌದೆ ತರಲು ಕಾಡಿಗೆ ಹೋಗುವ ಹೆಂಗಸಿಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಸಮಯಕ್ಕೆ ಮುಟ್ಟಿಸುವುದು, ಸತ್ತ ಮಂಗದ ಸುದ್ದಿ ಅಂದೇ ಕಚೇರಿಗೆ ತಲುಪುವಂತೆ ಮಾಡುವುದು, ಇವೇ ಅಲ್ಲಿ ಜೀವ ಉಳಿಸುವ ಕೆಲಸ. ಹಾಗೆಯೇ ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದ ಮೇಲೆ ಇಕ್ಕಟ್ಟಿನ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಅಗಲ ಬೀದಿಗಳೊಂದಿಗೆ ಬೆಳೆದವು. ಊರು ಕಟ್ಟುವುದೂ ಒಂದು ಚಿಕಿತ್ಸೆ ಎಂದು ಆಗಿನವರಿಗೆ ಗೊತ್ತಿತ್ತು.

"ಎಂ.ಬಿ.ಬಿ.ಎಸ್. ಓದದವರಿಗೆ ರೋಗದ ವಿಷಯ ಏನು ತಿಳಿದೀತು ಟೀಚರ್?" ಎಂದು ಪರಿಚಯದ ವೈದ್ಯರೊಬ್ಬರು ನನ್ನನ್ನು ಕೇಳಿದ್ದುಂಟು. ರೋಗಿಯ ನಾಡಿ ಹಿಡಿಯುವುದು, ಮಾತ್ರೆ ಬರೆಯುವುದು ವೈದ್ಯರ ಕೆಲಸವೇ. ಎಂ.ಪಿ.ಎಚ್. ಮಾಡಿದವರು ಬೋರ್ಡು ಹಾಕಿಕೊಂಡು ಚಿಕಿತ್ಸೆ ಕೊಡುವ ಹಾಗಿಲ್ಲ, ಕೊಡಲೂಬಾರದು. ಆದರೆ ರೋಗ ಎಲ್ಲಿಂದ ಬಂತು, ಯಾರಿಗೆ ಮೊದಲು ಬಂತು, ಬಡವರ ಕೇರಿಗೇ ಏಕೆ ಬಂತು ಎಂಬುದು ನಾಡಿ ಹಿಡಿದರೆ ತಿಳಿಯುವುದಿಲ್ಲ. ಅದಕ್ಕೆ ರೋಗ ಹರಡುವ ಬಗೆಯ ಶಾಸ್ತ್ರ ಬೇಕು, ಸಂಖ್ಯಾಶಾಸ್ತ್ರ ಬೇಕು, ನೀರು ಚರಂಡಿಗಳ ತಿಳಿವಳಿಕೆ ಬೇಕು, ಆಯವ್ಯಯ ಓದಲು ಬರಬೇಕು, ಜನರ ಜೊತೆ ಕೂತು ಮಾತಾಡಲು ಬರಬೇಕು. ಇವನ್ನೇ ಅಲ್ಲಿ ಕಲಿಸುತ್ತಾರೆ. ಅದಕ್ಕೇ ಅನೇಕ ಸಂಸ್ಥೆಗಳು ನರ್ಸಿಂಗ್, ದಂತವೈದ್ಯ, ಆಯುರ್ವೇದ ಓದಿದವರನ್ನೂ, ಕೆಲವು ಕಡೆ ಸಮಾಜಕಾರ್ಯ ಓದಿದವರನ್ನೂ ಸೇರಿಸಿಕೊಳ್ಳುತ್ತವೆ.

ಇನ್ನು ಸರಕಾರದ ಸರದಿ. ಈ ವಿದ್ಯೆ ನಮಗೆ ಹೊಸದೇನಲ್ಲ. ಕಲ್ಕತ್ತೆಯಲ್ಲಿ ಇದಕ್ಕೆಂದೇ ಅಖಿಲ ಭಾರತ ಸಂಸ್ಥೆ ಆರಂಭವಾದದ್ದು 1932ರಲ್ಲಿ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಿಂದ ಎಂ.ಪಿ.ಎಚ್. ಕಲಿಸುತ್ತಿದೆ. ಪಕ್ಕದ ತಮಿಳುನಾಡಿನಲ್ಲಿ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆಯಿದೆ, ಈ ಕೆಲಸಕ್ಕೇ ಬೇರೆ ನಿರ್ದೇಶನಾಲಯವಿದೆ. ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದ ಇರಲಿ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. 2022ರಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿಯನ್ನೂ ಹೊರಡಿಸಿತು. ಕಾಗದದಲ್ಲಿ ಎಲ್ಲವೂ ಇದೆ. ನನ್ನ ಹುಡುಗಿಯ ಕೈಯಲ್ಲಿರುವುದು ಹನ್ನೊಂದು ತಿಂಗಳ ಕರಾರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವುದು ಇಂಥದಕ್ಕೇ. 2020ರಲ್ಲಿ ಕೊರೋನಾ ಬಂದಾಗ ಯಾರು ಯಾರನ್ನು ಮುಟ್ಟಿದರೆಂದು ಹುಡುಕಲು ಜನ ಸಾಲದೆ ನಮ್ಮಂಥ ಶಿಕ್ಷಕಿಯರನ್ನೂ ಮನೆ ಮನೆ ಸಮೀಕ್ಷೆಗೆ ಕಳಿಸಿದರಲ್ಲ!

ಈ ಕೆಲಸದ ಭಾರವೆಲ್ಲ ಹೆಂಗಸರ ಕಾಲಿನ ಮೇಲಿದೆ ಎಂಬುದನ್ನೂ ನೋಡಿ. 1975ರಿಂದ ಅಂಗನವಾಡಿ, 2005ರಲ್ಲಿ ಶುರುವಾದ ಯೋಜನೆಯಿಂದ ಆಶಾ. ಬಿಸಿಲಲ್ಲಿ ತಿರುಗಿ ಬಸುರಿಯರ ಪಟ್ಟಿ ಬರೆಯುವವರು ಅವರು. ಆ ಪಟ್ಟಿಗಳನ್ನು ಓದಿ ಯೋಜನೆ ಮಾಡುವ ಮೇಜಿನ ಹತ್ತಿರ ಅವರಿಗೆ ಕುರ್ಚಿಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಹಂಚುತ್ತಲೇ ಇದ್ದಾರೆ. ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಎಷ್ಟು ಸೊಸೆಯಂದಿರು ಹಿತ್ತಲಿಗೆ ಎಸೆಯುತ್ತಾರೆ, ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಅವರ ತಟ್ಟೆಗೆ ಏನು ಉಳಿಯುತ್ತದೆ, ಇದನ್ನು ಕೇಳಬಲ್ಲವಳು ಅಡುಗೆಮನೆಯ ತನಕ ಹೋಗಬಲ್ಲ ಹೆಣ್ಣು. ಅವಳ ಕೈಗೆ ಸಂಖ್ಯಾಶಾಸ್ತ್ರವನ್ನೂ ಅಧಿಕಾರವನ್ನೂ ಕೊಟ್ಟು ನೋಡಿ.

ಆದ್ದರಿಂದ ತಾಯಂದಿರಿಗೆ ನನ್ನ ಮಾತಿಷ್ಟು. ಮಗಳು ಈ ಓದು ಬೇಕೆಂದರೆ ತಡೆಯಬೇಡಿ. ಕಣ್ಣುಮುಚ್ಚಿ ಸೇರಿಸಲೂ ಬೇಡಿ. ಶುಲ್ಕ ಲಕ್ಷಗಟ್ಟಲೆ ಇರುವ ಕಡೆ, ಹಿಂದಿನ ತಂಡದವರು ಎಲ್ಲಿ ಕೆಲಸದಲ್ಲಿದ್ದಾರೆ, ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಎಷ್ಟು ದಿನ ಮಾಡಿಸುತ್ತಾರೆ ಎಂದು ವಿಚಾರಿಸಿ. ನಿಮ್ಮ ಮಹಿಳಾ ಸಮಾಜಕ್ಕೆ ಶಾಸಕರು ಬಂದಾಗ ಹಾರ ಹಾಕಿ ಕಳಿಸಬೇಡಿ; ನಮ್ಮ ಜಿಲ್ಲೆಯಲ್ಲಿ ಸಾರ್ವಜನಿಕ ಆರೋಗ್ಯ ಓದಿದವರಿಗೆ ಎಷ್ಟು ಕಾಯಂ ಹುದ್ದೆಗಳಿವೆ, ಎಷ್ಟು ಖಾಲಿ ಇವೆ, ಆಶಾ ಮತ್ತು ನರ್ಸಮ್ಮಂದಿರು ಮೇಲೆ ಓದಲು ರಜೆ, ಸಹಾಯಧನ ಏಕಿಲ್ಲ ಎಂದು ಕೇಳಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ. ರೋಗ ಬಂದ ಮೇಲೆ ಆಸ್ಪತ್ರೆಯ ಜಗಲಿಯಲ್ಲಿ ರಾತ್ರಿಯಿಡೀ ಕೂರುವವರು ನಾವೇ ತಾನೆ? ಬರದಂತೆ ನೋಡಿಕೊಳ್ಳುವವರ ಪರವಾಗಿ ಒಂದು ಗಳಿಗೆ ನಿಂತು ಮಾತಾಡುವುದು ನಮಗೇನೂ ಭಾರವಲ್ಲ.